ಸೆರಗಿನಡಿಯ ಬಾಟಲಿ

ರಕ್ತ ಕೊಡಲು ಬಂದವರು ತೋಳು ಮೇಲೇರಿಸಿಕೊಂಡು ನೇರವಾಗಿ ನನ್ನ ಮುಂದೆ ಬಂದು ಕೂರುತ್ತಾರೆ. ಮೂತ್ರ ಕೊಡಲು ಬಂದವರು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಲ್ಲುತ್ತಾರೆ. ವಿಜಯಪುರದ ಸ್ಟೇಷನ್ ರಸ್ತೆಯಿಂದ ಒಳಗೆ ತಿರುಗಿದರೆ ಸಿಗುವ ಸಣ್ಣದೊಂದು ಪ್ರಯೋಗಾಲಯದಲ್ಲಿ ಹತ್ತೊಂಬತ್ತು ವರ್ಷಗಳಿಂದ ಈ ಎರಡೂ ಬಗೆಯವರನ್ನು ನೋಡುತ್ತಿದ್ದೇನೆ. ಗಂಡಸರು ಬಾಟಲಿಯನ್ನು ಪ್ಯಾಂಟಿನ ಕಿಸೆಯಲ್ಲಿ ತರುತ್ತಾರೆ, ಹೆಂಗಸರು ಸೆರಗಿನಡಿಯಲ್ಲಿ. ಸಿಂದಗಿ ಕಡೆಯ ಅಜ್ಜಿಯೊಬ್ಬರು ಬುತ್ತಿಯ ಗಂಟಿನಲ್ಲಿ, ರೊಟ್ಟಿಯ ಕೆಳಗೆ ಇಟ್ಟುಕೊಂಡು ಬಂದಿದ್ದರು. ‘ಬಸ್ಸಿನಲ್ಲಿ ಯಾರಾದರೂ ಕೇಳಿದರೆ ಬುತ್ತಿ ಎಂದರಾಯಿತು, ಅಲ್ಲವೇನವ್ವಾ?’ ಎಂದರು. ಆ ರೊಟ್ಟಿಯನ್ನು ಆಮೇಲೆ ಏನು ಮಾಡಿದರೆಂದು ನಾನು ಕೇಳಲಿಲ್ಲ.

ನಾವು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿಯನ್ನು ಪುಕ್ಕಟೆಯಾಗಿ ಕೊಡುತ್ತೇವೆ. ಆದರೆ ಅದು ಯಾವ ಡಬ್ಬಿ ಎಂದು ನೋಡಿದವರಿಗೆಲ್ಲ ಗೊತ್ತಾಗುತ್ತದೆ, ಹಾಗಾಗಿ ಬಹಳ ಜನರಿಗೆ ಅದು ಬೇಡ. ಮನೆಯಲ್ಲಿ ಸಿಕ್ಕಿದ್ದರಲ್ಲಿ ತರುತ್ತಾರೆ. ಬಸವನಬಾಗೇವಾಡಿ ಕಡೆಯ ಹಿರಿಯರೊಬ್ಬರ ಮೂತ್ರದಲ್ಲಿ ಒಮ್ಮೆ ಸಕ್ಕರೆ ಮೂರು ಪ್ಲಸ್ ಬಂತು, ರಕ್ತದಲ್ಲಿ ನೋಡಿದರೆ ಸರಿಯಾಗಿಯೇ ಇದೆ, 92. ಎರಡನೆಯ ಸಲ ನೋಡಿದೆ, ಮತ್ತೆ ಅದೇ. ಕೊನೆಗೆ ಬಾಟಲಿಯನ್ನೇ ಎತ್ತಿ ಮೂಸಿದೆ. ಜೇನುತುಪ್ಪದ ಬಾಟಲಿ, ‘ತೊಳೆದಿದ್ದೆ ತಂಗಿ’ ಎಂದರು. ಉಪ್ಪಿನಕಾಯಿ ಬಾಟಲಿಯದು ಬೇರೆ ಕಥೆ. ಎಣ್ಣೆಯ ಹನಿಗಳು ಸೂಕ್ಷ್ಮದರ್ಶಕದಡಿ ದುಂಡಗೆ ಕಾಣಿಸಿ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಅವನ್ನು ಕೆಂಪು ರಕ್ತಕಣವೆಂದೇ ಎಣಿಸಿಬಿಡುತ್ತಾರೆ. ಇನ್ನು ಬೆಳಿಗ್ಗೆ ಐದಕ್ಕೆ ತುಂಬಿಟ್ಟು, ಮನೆಗೆಲಸ ಮುಗಿಸಿ, ಬಸ್ಸು ಹಿಡಿದು ಹನ್ನೊಂದಕ್ಕೆ ತಂದುಕೊಟ್ಟರೆ ನಮ್ಮ ಬಿಸಿಲಿನಲ್ಲಿ ಆ ಬಾಟಲಿಯೊಳಗೆ ಬ್ಯಾಕ್ಟೀರಿಯಾಗಳ ಜಾತ್ರೆಯೇ ನೆರೆದಿರುತ್ತದೆ. ಎರಡು ತಾಸಿನೊಳಗೆ ನೋಡಿದರೆ ಮಾತ್ರ ಅದು ಒಳಗಿನ ಸುದ್ದಿ ಹೇಳುತ್ತದೆ.

ಸುದ್ದಿ ಹೇಳುವುದಂತೂ ನಿಜ. ಎರಡು ಮೂತ್ರಪಿಂಡಗಳು, ಒಂದೊಂದರಲ್ಲಿ ಸುಮಾರು ಹತ್ತು ಲಕ್ಷ ಸಣ್ಣ ಸೋಸುಕಗಳು. ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಬೇಕಾದುದನ್ನೆಲ್ಲ ಮರಳಿ ರಕ್ತಕ್ಕೆ ಕೊಟ್ಟು, ಒಂದೂವರೆ ಎರಡು ಲೀಟರನ್ನು ಹೊರಗೆ ಬಿಡುತ್ತವೆ. ನಾನು ನೋಡುವುದು ಅದರಲ್ಲಿನ ಒಂದು ಹನಿಯನ್ನು. ಮೊದಲು ಬಣ್ಣ, ಆಮೇಲೆ ಪಟ್ಟಿ ಅದ್ದುವುದು, ಆಮೇಲೆ ಐದು ನಿಮಿಷ ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕೂತ ಗಸಿಯನ್ನು ಗಾಜಿನ ಮೇಲೆ ಇಟ್ಟು ನೋಡುವುದು. ಕೀವಿನ ಕಣಗಳು ಐದರೊಳಗಿದ್ದರೆ ಮುಂದಿನ ಬಾಟಲಿ.

ಇಷ್ಟು ವರ್ಷ ನೋಡಿದ ಮೇಲೆ ನನಗೆ ಒಂದು ಅನುಮಾನ ಗಟ್ಟಿಯಾಗಿದೆ. ಮೈಯ ಈ ಭಾಗದ ರೋಗಗಳಲ್ಲಿ ಅತಿ ಹೆಚ್ಚು ಗದ್ದಲ ಮಾಡುವುದಕ್ಕೆ ಮರ್ಯಾದೆಯೂ ಹೆಚ್ಚು. ಪಿಸುಗುಡುವುದಕ್ಕೆ ನಾಚಿಕೆ ಅಂಟಿಕೊಂಡಿದೆ. ಮೂತ್ರಪಿಂಡವನ್ನೇ ತಿಂದು ಹಾಕುವುದಂತೂ ಬಾಯಿ ತೆಗೆಯುವುದೇ ಇಲ್ಲ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ, ನಮ್ಮ ಮನೆಯಲ್ಲೇ ಕಂಡಿದ್ದು.

ಅಪ್ಪ ಲಾರಿ ಓಡಿಸುತ್ತಿದ್ದರು. ಬಾಗಲಕೋಟೆಯಿಂದ ಸಿಮೆಂಟು, ತಿಕೋಟಾದಿಂದ ಒಣದ್ರಾಕ್ಷಿ, ಸೊಲ್ಲಾಪುರ, ಪುಣೆ ಎಂದು ಮೂವತ್ತು ವರ್ಷ. ನೀರು ಕುಡಿದರೆ ಲಾರಿ ನಿಲ್ಲಿಸಬೇಕು, ನಿಲ್ಲಿಸಿದರೆ ತಡವಾಗುತ್ತದೆ ಎಂಬುದು ಅವರ ಲೆಕ್ಕ. ಎಂಜಿನ್ ಕಾಯಿಸಬಾರದೆಂದು ರೇಡಿಯೇಟರಿಗೆ ತಾಸಿಗೊಮ್ಮೆ ನೀರು ನೋಡುತ್ತಿದ್ದ ಮನುಷ್ಯ ತಾನು ಮಾತ್ರ ಎರಡು ಕಪ್ ಚಹಾದ ಮೇಲೆ ಸೊಲ್ಲಾಪುರ ಮುಟ್ಟುತ್ತಿದ್ದರು. 2017ರ ಏಪ್ರಿಲ್‌ನಲ್ಲಿ, ರಾತ್ರಿ ಎರಡರ ಹೊತ್ತಿಗೆ, ಪಡಸಾಲೆಯ ಕಡಪ ಕಲ್ಲಿನ ಮೇಲೆ ಅವರು ಉರುಳಾಡಿದ ಸದ್ದಿಗೆ ಎದುರು ಮನೆಯ ಕಾಕಾ ಕೂಡ ಎದ್ದು ಬಂದರು. ಕೂತರೂ ಇಲ್ಲ, ಮಲಗಿದರೂ ಇಲ್ಲ, ಬೆನ್ನಿನ ಎಡಪಕ್ಕೆಯಿಂದ ಹೊರಟು ತೊಡೆಸಂದಿಗೆ ಇಳಿಯುವ ನೋವು, ನಡುನಡುವೆ ವಾಂತಿ. ನಾನು ಮೊದಲು ನೋಡಿದ್ದು ಬಚ್ಚಲನ್ನು. ಮೂತ್ರ ಕುಸುಬಿ ಎಣ್ಣೆಯ ಬಣ್ಣಕ್ಕಿತ್ತು, ತುದಿಯಲ್ಲಿ ತುಸು ಕೆಂಪು.

ಸ್ಕ್ಯಾನ್ ಮಾಡಿದಾಗ ಮೂತ್ರನಾಳದ ಕೆಳತುದಿಯಲ್ಲಿ ಆರು ಮಿಲಿಮೀಟರಿನ ಹರಳು. ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ ಮೂರು ಕಡೆ ಇಕ್ಕಟ್ಟಾಗಿರುತ್ತದೆ, ಹರಳು ಸಾಮಾನ್ಯವಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆದಿಲಶಾಹಿಯವರು ಬೇಗಂ ತಲಾಬಿನಿಂದ ಊರಿಗೆ ನೀರು ತರುವಾಗ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದಾರಲ್ಲ, ನೀರಿನ ಒತ್ತಡ ಇಳಿಯಲಿ, ಹೂಳು ಅಲ್ಲಿಯೇ ಕೂರಲಿ ಎಂದು? 1651ರ ಆ ಕೆಲಸಗಾರರಿಗೆ ಕೊಳವೆಯಲ್ಲಿ ಗಸಿ ಎಲ್ಲಿ ನಿಲ್ಲುತ್ತದೆ ಎನ್ನುವುದು ಗೊತ್ತಿತ್ತು. ನಮ್ಮ ಮೈಯೊಳಗೆ ಅಂಥ ಗಂಜ್ ಇಲ್ಲ. ನೀರು ಕಡಿಮೆಯಾದರೆ ಹೂಳು ಮೂತ್ರಪಿಂಡದಲ್ಲೇ ಕೂತು ಗಟ್ಟಿಯಾಗುತ್ತದೆ.

ಐದು ಮಿಲಿಮೀಟರಿನೊಳಗಿನವು ಬಹುಮಟ್ಟಿಗೆ ತಾವಾಗಿಯೇ ಹೊರಬೀಳುತ್ತವೆ. ಅಪ್ಪನದು ಗಡಿಯಲ್ಲಿತ್ತು. ವೈದ್ಯರು ನೋವಿಗೆ ಚುಚ್ಚುಮದ್ದು, ನಾಳ ಸಡಿಲಿಸಲು ಒಂದು ಗುಳಿಗೆ ಕೊಟ್ಟು, ಮೂರು ವಾರ ಕಾಯೋಣ ಎಂದರು. ಜ್ವರ ಬಂದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ ಎಂದರು, ಏಕೆಂದರೆ ಕಟ್ಟಿಕೊಂಡ ಮೂತ್ರದಲ್ಲಿ ಸೋಂಕು ಸೇರಿದರೆ ಅದು ಜೀವಕ್ಕೇ ಕುತ್ತು. ಈ ಮೂರು ವಾರದಲ್ಲಿ ನಮ್ಮ ಮನೆಗೆ ಬಂದ ಔಷಧಗಳ ಪಟ್ಟಿ ಮಾಡಬೇಕಿತ್ತು. ಕಾಡುಬಸಳೆ ಎಲೆ, ಬಾಳೆದಿಂಡಿನ ರಸ, ಹುರುಳಿ ಕಟ್ಟು. ಸೋದರಮಾವ ಬಿಯರ್ ತಂದರು, ಅದನ್ನು ಅವ್ವ ಬಾಗಿಲಲ್ಲೇ ತಡೆದಳು, ಸರಿಯಾಗಿಯೇ ಮಾಡಿದಳು. ಬಿಯರ್ ಮೂತ್ರ ಹೆಚ್ಚಿಸಿ ಆಮೇಲೆ ಮೈಯನ್ನು ಇನ್ನಷ್ಟು ಒಣಗಿಸುತ್ತದೆ. ಉಳಿದವುಗಳ ಜೊತೆ ಅಪ್ಪ ಕುಡಿದ ನೀರೇ ಹೆಚ್ಚು ಕೆಲಸ ಮಾಡಿರಬೇಕು. ಹನ್ನೆರಡನೆಯ ದಿನ, ಚಹಾ ಸೋಸುವ ಜಾಲರಿಯಲ್ಲಿ ‘ಟಿಣ್’ ಎಂದಿತು. ಆ ಜಾಲರಿಯನ್ನು ಅವ್ವ ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಕನ್ನಡದಲ್ಲಿ ಉಂಗುರಕ್ಕೆ ಕೂರಿಸುವುದೂ ಹರಳೇ, ಕಿಡ್ನಿಯಲ್ಲಿ ಆಗುವುದೂ ಹರಳೇ. ಅಪ್ಪ ಮೊದಲನೆಯ ಅರ್ಥವನ್ನೇ ಹಿಡಿದರು. ತಂಬಾಕಿನ ಡಬ್ಬಿಯಲ್ಲಿ ಹತ್ತಿ ಹಾಸಿ, ಅದರ ಮೇಲೆ ಆ ಕಂದು ಬಣ್ಣದ ಮುಳ್ಳುಮುಳ್ಳು ಕಣವನ್ನಿಟ್ಟು, ಮನೆಗೆ ಬಂದವರಿಗೆಲ್ಲ ತೋರಿಸಿದರು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಬಂದ ಬೀಗರಿಗೂ ತೋರಿಸಿದರು. ಪರೀಕ್ಷೆಗೆ ಅದರ ಒಂದು ಚೂರು ಕೊಡಲು ಅವರ ಜೊತೆ ನಾನು ಅರ್ಧ ದಿನ ಜಗಳವಾಡಬೇಕಾಯಿತು. ಕ್ಯಾಲ್ಸಿಯಂ ಆಕ್ಸಲೇಟ್, ಅತಿ ಸಾಮಾನ್ಯವಾದ ಬಗೆ. ಮೂತ್ರದಲ್ಲಿ ಅದರ ಸಣ್ಣ ಹರಳುಗಳು ಅಂಚೆ ಲಕೋಟೆಯ ಹಿಂಬದಿಯಂತೆ ಕಾಣುತ್ತವೆ, ಚೌಕದೊಳಗೆ ಒಂದು ಗುಣಾಕಾರ ಚಿಹ್ನೆ.

ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೋರಿನ ನೀರು ಕಾಯಿಸಿದ ಹಂಡೆಯ ಒಳಗೆ ಬಿಳಿ ಪದರು ಕಟ್ಟುತ್ತದಲ್ಲ, ಅದನ್ನು ತೋರಿಸಿ ‘ಇದೇ ಅಲ್ಲವೇ ಕಿಡ್ನಿಯಲ್ಲಿ ಕೂರುವುದು’ ಎಂದು ವಾರಕ್ಕೊಬ್ಬರು ಕೇಳುತ್ತಾರೆ. ಹಂಡೆಯದು ಕ್ಯಾಲ್ಸಿಯಂ ಕಾರ್ಬೊನೇಟ್, ಮೂತ್ರಪಿಂಡದ್ದು ಬಹುತೇಕ ಆಕ್ಸಲೇಟ್, ಎರಡೂ ಬೇರೆ. ಆ ನೀರಿಗೆ ಹೆದರಿ ನೀರೇ ಕಡಿಮೆ ಕುಡಿಯುವವರಿಗೆ ಹರಳಿನ ಭಯ ಹೆಚ್ಚು. ಹಾಲು ಮೊಸರು ಬಿಟ್ಟವರೂ ತಪ್ಪು ಮಾಡುತ್ತಾರೆ. ಊಟದ ಜೊತೆ ಹೊಟ್ಟೆ ಸೇರಿದ ಕ್ಯಾಲ್ಸಿಯಂ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದು ಹೊರಹಾಕುತ್ತದೆ. ಟೊಮೆಟೊ ಬೀಜವೇ ಹರಳಾಗುತ್ತದೆ ಎಂಬುದು ಬರೀ ಕಟ್ಟುಕಥೆ. ಪಾಲಕ್, ರಾಜಗಿರಿ ಸೊಪ್ಪುಗಳಲ್ಲಿ ಆಕ್ಸಲೇಟ್ ಹೆಚ್ಚು, ಶೇಂಗಾದಲ್ಲೂ ಇದೆ. ಶೇಂಗಾ ಹಿಂಡಿ ಇಲ್ಲದೆ ನಮ್ಮ ಕಡೆ ಯಾರು ರೊಟ್ಟಿ ಮುರಿಯುತ್ತಾರೆ? ಅಪ್ಪನಿಗೆ ವೈದ್ಯರು ಹೇಳಿದ್ದು ಉಪ್ಪು ಇಳಿಸಿ, ಇಂಡಿಯ ಲಿಂಬೆ ಹಿಂಡಿದ ನೀರು ಕುಡಿಯಿರಿ, ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಆಗುವಷ್ಟು ಕುಡಿಯಿರಿ ಎಂದು. ಲಿಂಬೆಯ ಸಿಟ್ರೇಟ್ ಹರಳು ಕಟ್ಟದಂತೆ ತಡೆಯುತ್ತದೆ. ಅಪ್ಪ ದೊಡ್ಡದೊಂದು ತಾಮ್ರದ ಚರಿಗೆ ಕೊಂಡರು.

ಇದೇ ಮನೆಯಲ್ಲಿ, ಇದೇ ದಿನಗಳಲ್ಲಿ, ಅವ್ವನಿಗೆ ಕಾಲ್ಮಡಿಯುವಾಗ ಉರಿ ಇತ್ತು. ನನಗೆ ಗೊತ್ತಿರಲಿಲ್ಲ.

ದಿನಕ್ಕೆ ಮೂವತ್ತು ಬಾಟಲಿ ಮೂತ್ರ ನೋಡುವವಳಿಗೆ ಗೊತ್ತಿರಲಿಲ್ಲ. ಆಕೆ ಅದನ್ನು ಉಷ್ಣ ಎಂದು ಕರೆದಿದ್ದಳು. ಬೇಸಿಗೆಯ ಉಷ್ಣ, ಉಪವಾಸದ ಉಷ್ಣ, ಕಡೆಗೆ ಮಾವಿನಹಣ್ಣಿನ ಉಷ್ಣ. ಕೊತ್ತಂಬರಿ ಬೀಜ ನೆನೆಸಿದ ನೀರು, ಕಾಮಕಸ್ತೂರಿ ಬೀಜ, ಅದೂ ಸಾಲದಾದಾಗ ಮೂಲೆಯ ಔಷಧದ ಅಂಗಡಿಯಿಂದ ಒಂದೆರಡು ಗುಳಿಗೆ. ಎರಡು ದಿನ ತಿಂದರೆ ಉರಿ ನಿಲ್ಲುತ್ತಿತ್ತು, ಗುಳಿಗೆಯೂ ನಿಲ್ಲುತ್ತಿತ್ತು. ಹಾಗೆ ಅರ್ಧಕ್ಕೆ ಬಿಟ್ಟ ಪ್ರತಿ ಸಲವೂ ಉಳಿದ ಬ್ಯಾಕ್ಟೀರಿಯಾಗಳಿಗೆ ಆ ಔಷಧದ ಪರಿಚಯವಾಗುತ್ತಿತ್ತು. ಉಷ್ಣ ಎಂಬ ಪದದ ಮೇಲೆ ನನಗೆ ಸಿಟ್ಟಿದೆ. ಹೆಂಗಸರು ಹೇಳಬಾರದ್ದನ್ನೆಲ್ಲ ಅದರೊಳಗೆ ತುರುಕಿ ಮುಚ್ಚಿಬಿಡುತ್ತಾರೆ.

ಹೆಂಗಸರ ಮೂತ್ರದ ದಾರಿ ನಾಲ್ಕು ಸೆಂಟಿಮೀಟರ್ ಮಾತ್ರ, ಗಂಡಸರದು ಇಪ್ಪತ್ತರ ಹತ್ತಿರ. ಕರುಳಿನಲ್ಲಿ ನಿರುಪದ್ರವಿಯಾಗಿ ಬದುಕುವ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಆ ಸಣ್ಣ ದಾರಿ ಹತ್ತಿ ಮೂತ್ರಕೋಶ ಸೇರಿದರೆ ಉರಿ, ಪದೇ ಪದೇ ಅವಸರ, ಎದ್ದು ಬಂದರೂ ಇನ್ನೂ ಉಳಿದಂತೆ. ಇದರಲ್ಲಿ ಯಾರ ನಡತೆಯ ಮಾತೂ ಇಲ್ಲ, ದಾರಿಯ ಉದ್ದದ ಮಾತಷ್ಟೇ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಇನ್ನೂ ಸುಲಭವಾಗಿ ಅಂಟುತ್ತದೆ, ಅವ್ವನಿಗೆ ಆಗ ಹದಿನಾಲ್ಕು ವರ್ಷದ ಸಕ್ಕರೆ ಕಾಯಿಲೆ. ಜುಲೈನಲ್ಲಿ ಒಂದು ಸಂಜೆ ಮೂರು ಕಂಬಳಿ ಹೊದಿಸಿದರೂ ನಿಲ್ಲದ ನಡುಕ, ಚಳಿಜ್ವರ. ಮಲೇರಿಯಾ ಇರಬೇಕೆಂದು ನಾನೇ ಬೆರಳಿಗೆ ಚುಚ್ಚಿ ರಕ್ತ ತೆಗೆದೆ. ಆಕೆ ಬೆನ್ನು ಹಿಡಿದುಕೊಂಡ ರೀತಿ ಕಂಡಾಗ ಮಾತ್ರ ಬಾಟಲಿ ಕೊಟ್ಟೆ. ಸೂಕ್ಷ್ಮದರ್ಶಕದಡಿ ಕೀವಿನ ಕಣಗಳು ಎಣಿಸಲಾಗದಷ್ಟು. ಸೋಂಕು ಮೂತ್ರಕೋಶ ದಾಟಿ ಮೂತ್ರಪಿಂಡಕ್ಕೆ ಏರಿತ್ತು. ಎರಡು ದಿನದ ನಂತರ, ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಕ್ಕೆ ಬಗ್ಗುತ್ತದೆಂದು ನೋಡುವ ಕಲ್ಚರ್ ವರದಿ ಬಂತು. ಬಾಯಿಯಿಂದ ತಿನ್ನುವ ಗುಳಿಗೆಗಳಲ್ಲಿ ಹೆಚ್ಚಿನವು ಆ ಬ್ಯಾಕ್ಟೀರಿಯಾದ ಮುಂದೆ ನಡೆಯುವುದಿಲ್ಲ ಎಂದು. ಐದು ದಿನ ರಕ್ತನಾಳಕ್ಕೆ ಔಷಧ ಕೊಟ್ಟರು.

ಆಸ್ಪತ್ರೆಯ ಹಾಸಿಗೆಯ ಮೇಲೆ ಕೇಳಿದೆ, ‘ಎಷ್ಟು ದಿನದಿಂದ ಅವ್ವಾ?’ ‘ನಿನ್ನ ಅಪ್ಪನ ಹರಳಿನ ಗದ್ದಲ ನಡೆದಿತ್ತಲ್ಲ, ಅದಕ್ಕೂ ಮೊದಲಿನಿಂದ’ ಎಂದಳು. ‘ಆ ಗದ್ದಲದಲ್ಲಿ ನನ್ನದೇನು ಹೇಳುವುದು?’

ಅದೇ ದಾಖಲಾತಿಯಲ್ಲಿ ಮೂರನೆಯದು ಹೊರಬಿತ್ತು. ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ಕಸ ಕ್ರಿಯಾಟಿನಿನ್, ಅದು ರಕ್ತದಲ್ಲಿ 2.6. ಸೋಂಕು ಇಳಿದ ಮೇಲೂ 1.9ಕ್ಕೆ ಬಂದು ಅಲ್ಲಿಯೇ ನಿಂತಿತು, ಸಾಮಾನ್ಯವಾಗಿ ಇರಬೇಕಾದುದು 0.6ರಿಂದ 1.2. ಕೇಳಿದರೆ ಒಂದು ಚಿಲ್ಲರೆ ಅಷ್ಟೇ ಅನ್ನಿಸುತ್ತದೆ. 64ರ ಹೆಂಗಸಿಗೆ ಅದರ ಅರ್ಥ ಸೋಸುವ ಶಕ್ತಿ 30ಕ್ಕಿಂತಲೂ ಕೆಳಗೆ, ತಾರುಣ್ಯದಲ್ಲಿ ನೂರರ ಸುತ್ತ ಇರುವಂಥದ್ದು. ಅರ್ಧದಷ್ಟು ಶಕ್ತಿ ಹೋಗುವವರೆಗೂ ಕ್ರಿಯಾಟಿನಿನ್ ಬಹುಮಟ್ಟಿಗೆ ಸುಮ್ಮನಿರುತ್ತದೆ, ಮನುಷ್ಯನಿಗೂ ಏನೂ ಅನ್ನಿಸುವುದಿಲ್ಲ. ಮೊದಲು ಸುಳಿವು ಕೊಡುವುದು ಮೂತ್ರದಲ್ಲಿ ಸೋರುವ ಪ್ರೋಟೀನು. ವರ್ಷಕ್ಕೊಂದು ಸಲ ಅವ್ವನ ಬಾಟಲಿ ನೋಡಿದ್ದರೆ ಸಾಕಿತ್ತು. ರಕ್ತದ ಸಕ್ಕರೆಯನ್ನು ತಿಂಗಳು ತಿಂಗಳು ಮನೆಯಲ್ಲೇ ನೋಡುತ್ತಿದ್ದೆ, ಅದಕ್ಕೆ ಆಕೆ ಬೆರಳು ಕೊಡುತ್ತಿದ್ದಳು. ಬಾಟಲಿ ಕೇಳಿದಾಗಲೆಲ್ಲ ‘ನಾಳೆ’ ಎನ್ನುತ್ತಿದ್ದಳು, ನಾನೂ ಒತ್ತಾಯ ಮಾಡಲಿಲ್ಲ. ಸಕ್ಕರೆ, ರಕ್ತದೊತ್ತಡ ಎರಡರ ಜೊತೆ ಮೊಣಕಾಲಿಗೆಂದು ವರ್ಷಗಟ್ಟಲೆ ನುಂಗಿದ ನೋವಿನ ಗುಳಿಗೆಗಳೂ ಸೇರಿದ್ದವು. ಅಪ್ಪನಿಗೆ ಒಂದು ರಾತ್ರಿ ಉಪಕಾರ ಮಾಡಿದ ಅದೇ ಜಾತಿಯ ಔಷಧ, ದಿನಾ ತಿಂದರೆ ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನೇ ಹಿಂಡುತ್ತದೆ.

ಅಲ್ಲಿಂದ ನಮ್ಮ ಮನೆಯಲ್ಲಿ ಎರಡು ಚರಿಗೆ. ಅಪ್ಪನದು ತುಂಬುತ್ತ ಇರಬೇಕು. ಅವ್ವನ ಕಾಲು ಊದಿದಾಗ ವೈದ್ಯರು ಆಕೆಗೆ ನೀರನ್ನು ಅಳತೆ ಹಾಕಿ ಕೊಟ್ಟರು. ಅಪ್ಪನಿಗೆ ಇದು ಇನ್ನೂ ಅರ್ಥವಾಗಿಲ್ಲ. ನೀರಿನಿಂದ ತಾನು ಬದುಕಿದೆ ಎಂದು ನಂಬಿದ ಮನುಷ್ಯ ಕದ್ದು ಕದ್ದು ಆಕೆಗೆ ಲೋಟ ತುಂಬಿ ಕೊಡುತ್ತಾರೆ. ನೋಡಲು ಬಂದವರು ಎಳನೀರು ತರುತ್ತಾರೆ. ಮೂತ್ರಪಿಂಡ ಸೋತವರ ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು, ಎಳನೀರಿನಲ್ಲಿ ಅದು ಧಾರಾಳವಾಗಿದೆ ಎಂದು ಪ್ರತಿ ಸಲ ಬಾಗಿಲಲ್ಲಿ ನಿಂತು ಹೇಳುವುದು ನನಗೂ ಸಾಕಾಗಿದೆ, ಕೆಲವರು ಬೇಸರಪಟ್ಟುಕೊಂಡದ್ದೂ ಉಂಟು. ಉಪ್ಪಿನ ವಿಷಯದಲ್ಲಿ ಅವ್ವನ ವಾದ ಗಟ್ಟಿಯಾಗಿದೆ, ‘ರೊಟ್ಟಿಗೆ ನಾನು ಉಪ್ಪೇ ಹಾಕುವುದಿಲ್ಲ.’ ನಿಜ. ಇರುವುದೆಲ್ಲ ಹಿಂಡಿಯಲ್ಲಿ, ಉಪ್ಪಿನಕಾಯಿಯಲ್ಲಿ, ಹಪ್ಪಳದಲ್ಲಿ.

ಡಯಾಲಿಸಿಸ್‌ವರೆಗೆ, ಯಂತ್ರದಲ್ಲಿ ರಕ್ತ ಸೋಸುವವರೆಗೆ, ಅವ್ವ ಇನ್ನೂ ಹೋಗಿಲ್ಲ. ಹೋದವರು ನಮ್ಮಲ್ಲಿಗೆ ಬರುತ್ತಾರೆ, ಕೂರುವ ಮೊದಲೇ ‘ಈ ಕೈ ಬೇಡ ಅಕ್ಕಾ’ ಎಂದು ಇನ್ನೊಂದು ಕೈ ಚಾಚುತ್ತಾರೆ. ಶಸ್ತ್ರಚಿಕಿತ್ಸೆ ಮಾಡಿ ಅಪಧಮನಿಗೆ ಸಿರೆಯನ್ನು ಜೋಡಿಸಿದ ಕೈ ಅದು, ಅಲ್ಲಿ ರಕ್ತ ತೆಗೆಯಬಾರದು, ಬಿಪಿ ಪಟ್ಟಿ ಕಟ್ಟಬಾರದು. ಮುದ್ದೇಬಿಹಾಳ ಕಡೆಯ ಮೂವತ್ತನಾಲ್ಕರ ಹುಡುಗನೊಬ್ಬ ಒಮ್ಮೆ ‘ಮುಟ್ಟಿ ನೋಡಿ’ ಎಂದ. ಬೆರಳಿಟ್ಟರೆ ಒಳಗೆ ಜೇನುಗೂಡು ಗುಂಯ್ಗುಟ್ಟಿದಂತೆ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸು. ಆತನ ಮೂತ್ರಪಿಂಡ ಕೆಡಲು ಕಾರಣ ಗೊತ್ತಾಗದಂತೆ ಏರಿದ ರಕ್ತದೊತ್ತಡ, ಯಾರೂ ಅಳೆದಿರಲೇ ಇಲ್ಲ.

ಇತರರ ಬಗ್ಗೆ ಬೇಗ ಹೇಳಿಬಿಡುತ್ತೇನೆ. ರಾತ್ರಿ ಐದು ಸಲ ಏಳುವುದು ವಯಸ್ಸಿನ ಲಕ್ಷಣ ಎಂದುಕೊಂಡ ಅಜ್ಜಂದಿರಲ್ಲಿ ಹಲವರಿಗೆ ಮೂತ್ರದ ದಾರಿಯನ್ನು ಸುತ್ತಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿರುತ್ತದೆ, ಗುಳಿಗೆಯಲ್ಲೇ ಕೆಲವರ ನಿದ್ದೆ ಮರಳುತ್ತದೆ, ಕೇಳಲು ಹೋಗದಿದ್ದರೆ ಒಂದು ದಿನ ಮೂತ್ರ ಪೂರ್ತಿಯಾಗಿ ಕಟ್ಟಿಕೊಂಡು ನಳಿಗೆ ಹಾಕಿಸಿಕೊಳ್ಳಬೇಕಾಗಬಹುದು. ಐದು ವರ್ಷದ ಹುಡುಗನ ಮುಖ ಬೆಳಿಗ್ಗೆ ಊದಿಕೊಳ್ಳುತ್ತಿದ್ದಾಗ ಮನೆಯವರು ಉಪ್ಪು ಮೆಣಸಿನಕಾಯಿ ಇಳಿಸಿ ದೃಷ್ಟಿ ತೆಗೆದು ಎರಡು ವಾರ ಕಳೆದಿದ್ದರು. ಅವನ ಮೂತ್ರವನ್ನು ಪ್ರನಾಳದಲ್ಲಿ ಕಾಯಿಸಿದರೆ ಒಡೆದ ಹಾಲಿನಂತೆ ಗಟ್ಟಿಯಾಯಿತು, ಅಷ್ಟೂ ಪ್ರೋಟೀನು. ಅದು ನೆಫ್ರೋಟಿಕ್ ಸಿಂಡ್ರೋಮ್, ಮೂತ್ರಪಿಂಡದ ಸೋಸುಕಗಳು ಪ್ರೋಟೀನನ್ನು ಸೋರಬಿಡುವ ಕಾಯಿಲೆ. ಮಕ್ಕಳಲ್ಲಿ ಸ್ಟೆರಾಯ್ಡ್‌ಗೆ ಬಹುತೇಕ ಬೇಗ ಬಗ್ಗುತ್ತದೆ, ಆದರೆ ಮರಳಿ ಬರುವ ಚಾಳಿಯೂ ಅದಕ್ಕಿದೆ. ಈಗ ಆ ಹುಡುಗ ಒಂಬತ್ತರವನು, ತನ್ನ ಬಾಟಲಿಯನ್ನು ತಾನೇ ಹಿಡಿದು ಕುಣಿಸುತ್ತ ಬರುತ್ತಾನೆ, ನಮ್ಮಲ್ಲಿಗೆ ಹಾಗೆ ಬರುವವನು ಅವನೊಬ್ಬನೇ.

ಮತ್ತೆ ಆ ಏಳನೆಯ ತರಗತಿಯ ಹುಡುಗಿ. ವರ್ಷದಲ್ಲಿ ಮೂರನೆಯ ಸಲ ಉರಿ. ಅವಳ ತಾಯಿಯನ್ನು ಹೊರಗೆ ಕೂರಿಸಿ ಕೇಳಿದೆ. ಬೆಳಿಗ್ಗೆ ಚಹಾ ಕುಡಿದು ಹೊರಟರೆ ಸಂಜೆ ಐದರವರೆಗೆ ನೀರು ಮುಟ್ಟುವುದಿಲ್ಲ, ಏಕೆಂದರೆ ಶಾಲೆಯ ಶೌಚಾಲಯಕ್ಕೆ ಚಿಲಕವಿಲ್ಲ. ‘ಗೆಳತಿ ಬಾಗಿಲು ಹಿಡಿದು ನಿಲ್ಲಬೇಕು ಅಕ್ಕಾ, ದಿನಾ ಯಾರನ್ನು ಕೇಳುವುದು?’ ನಾನು ಅವಳಿಗೆ ಏನೂ ಬೋಧಿಸಲಿಲ್ಲ. ನಾನು ಕೆಲಸಕ್ಕೆ ಸೇರಿದ ಮೊದಲ ಆರು ವರ್ಷ ನಮ್ಮ ಕಟ್ಟಡದಲ್ಲಿ ಹೆಂಗಸರಿಗೆ ಶೌಚಾಲಯವಿರಲಿಲ್ಲ, ಬೆಳಿಗ್ಗೆ ಎಂಟರಿಂದ ನಾನೂ ಅದೇ ಲೆಕ್ಕದಲ್ಲಿ ಬದುಕಿದ್ದೆ. ವರದಿಯ ಹಿಂದೆ ವೈದ್ಯರಿಗೆಂದು ಒಂದು ಸಾಲು ಬರೆದೆ, ತಾಯಿಗೆ ಚಿಲಕದ ವಿಷಯ ಹೇಳಿದೆ. ಮರುವಾರ ಆಕೆಯ ಗಂಡ ಹೋಗಿ ಎಂಬತ್ತು ರೂಪಾಯಿಯ ಚಿಲಕವನ್ನು ತಾನೇ ಬಡಿದು ಬಂದನಂತೆ.

ಕಳೆದ ಸೋಮವಾರ ಅವ್ವನ ತಪಾಸಣೆ ಇತ್ತು. ಪ್ರಯೋಗಾಲಯಕ್ಕೆ ತಾನೇ ಬಂದಳು, ಆಟೋದಲ್ಲಿ, ಕೈಯಲ್ಲಿ ಬಟ್ಟೆಯ ಚೀಲ. ಚೀಲದೊಳಗೆ ಸ್ಟೀಲಿನ ಡಬ್ಬಿ, ಡಬ್ಬಿಯೊಳಗೆ ಸುದ್ದಿಪತ್ರಿಕೆ ಸುತ್ತಿದ ಬಾಟಲಿ. ನಾನು ಪೆನ್ನು ತೆಗೆದಾಗ ತಡೆದಳು. ‘ಅದರ ಮೇಲೆ ನನ್ನ ಹೆಸರು ಬೇಡ, ನಿನ್ನದು ಬರೆ.’ ಹಾಗೆ ಬರೆಯಲಾಗುವುದಿಲ್ಲ ಎಂದೆ. ಆಕೆಯ ಹೆಸರು, ವಯಸ್ಸು, ಸಮಯ ಬರೆದು ಅಂಟಿಸಿ ಸಾಲಿನಲ್ಲಿ ಇಟ್ಟೆ, ಹದಿನೇಳನೆಯದು. ರಕ್ತ ತೆಗೆಯಲು ಸೂಜಿ ತರಲೆಂದು ಒಳಗೆ ಹೋಗಿ ಬರುವಷ್ಟರಲ್ಲಿ ಬಾಟಲಿಯನ್ನು ತಿರುಗಿಸಿ, ಹೆಸರು ಗೋಡೆಯ ಕಡೆ ಮಾಡಿ, ಕುರ್ಚಿಯಲ್ಲಿ ಕೂತು ತೋಳು ಮೇಲೇರಿಸಿಕೊಳ್ಳುತ್ತಿದ್ದಳು.